ಕಣ್ಣು ತೆರೆದವರ ಹೆಸರು

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ದೇವದುರ್ಗದ ಶಿವಗಂಗಾಳ ಸುಳ್ಳಂತೂ ಮೂವತ್ತು ವರ್ಷ ನಡುಮನೆಯ ಗೋಡೆಯ ಮೇಲೆ ಆರಾಮಾಗಿ ಕೂತಿತ್ತು. ತೀರಿಹೋದ ಅಪ್ಪ ಚನ್ನವೀರ ಬರೆದ ಪಾರ್ವತಿಯ ಚಿತ್ರ ಅದು. ಮೂಲೆಯಲ್ಲಿ ಅವನ ಸಹಿ.

ಆ ಮಧ್ಯಾಹ್ನ ರಾಯಚೂರಿನ ಮೆಹನಾಜ್ ಬಂದಿದ್ದಳು. ಹಳೇ ಚಿತ್ರಗಳ ವ್ಯಾಪಾರ ಅವಳದು. ಇದನ್ನು ರಾಯಚೂರಿನ ಹೊಸ ಚಿತ್ರಶಾಲೆಗೆ ಕೊಡಿಸುವವಳಿದ್ದಳು. ಮಾರುವವರು ತುಂಬುವ ಕಾಗದವನ್ನು ಮುಂದಿಟ್ಟಳು.

"ಮೂರರಾಗ ಒಂದಕ್ಕ ಗುರುತು ಹಾಕ್ರಿ. 'ಚನ್ನವೀರ ಬರೆದದ್ದು' ಅಂದ್ರ ಪೂರಾ ಅವರದೇ ಕೈ ಅಂತ ನೀವು ಜವಾಬ್ದಾರಿ ಹೊತ್ತಂಗ. 'ಬರೆದದ್ದಿರಬಹುದು' ಅಂದ್ರ ಗ್ಯಾರಂಟಿ ಇಲ್ಲ. 'ಚನ್ನವೀರರ ಮನೆಯದ್ದು' ಅಂದ್ರ ಅವರ ಜೋಡಿ ಬ್ಯಾರೇರೂ ಬರದಾರ ಅಂತ. ಮೊದಲನೇದಿದ್ರಷ್ಟ ದೊಡ್ಡ ಗೋಡಿ, ಕೆಳಗ ಅವರ ಹೆಸರು. ಉಳಿದವು ಒಳಕೋಣಿಗೆ."

ದೊಡ್ಡ ಗೋಡೆಯ ಮೇಲೆ ಅಪ್ಪನ ಹೆಸರು. ಶಿವಗಂಗಾಳಿಗೆ ಬೇರೆ ಆಸೆಯೇ ಇರಲಿಲ್ಲ. ಪೆನ್ನು ಹಿಡಿದಳು. ಅಷ್ಟರಲ್ಲಿ ಕಿಟಕಿಯ ಬಿಸಿಲು ಜಾರಿ ಪಾರ್ವತಿಯ ಮುಖಕ್ಕೆ ಬಂತು, ಮನೆಯೆಲ್ಲ ಅರಿಶಿಣದ ನೀರಲ್ಲಿ ಮುಳುಗಿದಂತಾಯಿತು. ಆ ಬೆಳಕಿನೊಳಗೆ ಅಪ್ಪ ಕೂತಿದ್ದ. ಅದೇ ಚಾಪೆ, ಪೊರೆ ಬಂದ ಅದೇ ಕಣ್ಣು. ದೇವರ ಕಣ್ಣು ಕೊನೆಗೆ ಬರೆಯಬೇಕು, ಹಾಗೆ ದೇವರ ಕಣ್ಣು ತೆರೆದವರದೇ ಚಿತ್ರ, ಅವರದೇ ಸಹಿ: ಇದು ಅವರ ಮನೆಯ ಕಟ್ಟಳೆ. ಅಂದು ಉಳಿದದ್ದೆಲ್ಲ ಬರೆದು ಮುಗಿಸುವಷ್ಟರಲ್ಲಿ ಕಣ್ಣು ಕಾಣದಾದ ಅಪ್ಪ, ಪಾರ್ವತಿಯ ಕಣ್ಣು ಬರೆಯಲು ಹದಿನೈದರ ಮಗಳ ಕೈಗೆ ಕುಂಚ ಕೊಟ್ಟಿದ್ದ.

"ನೋಡ್ತಾಳೇನ್ ಯವ್ವಾ?"

"ನೋಡಾಕತ್ಯಾಳ, ಯಪ್ಪಾ."

"ಹಂಗಾದ್ರ ನಿನ್ನ ಹೆಸರು ಬರಿ."

ಅವಳು ಅಪ್ಪನ ಹೆಸರು ಬರೆದಿದ್ದಳು. ಅಪ್ಪನಿಗೆ ಅದು ಕಾಣಲಿಲ್ಲ. ಪ್ರೀತಿ ಹಾಗೆ ಬರೆಸಿತು, ಅದಕ್ಕೇನು ಮಾಡೋಣ?

"ಸಹಿ ಚಂದ ಅದರೀ," ಎಂದಳು ಮೆಹನಾಜ್.

ಬಿಸಿಲು ಇನ್ನೂ ಅಲ್ಲೇ ನಿಂತಿತ್ತು.

"ಅದು ನಾ ಹಾಕಿದ್ದರೀ," ಎಂದಳು ಶಿವಗಂಗಾ. "ಕಣ್ಣೂ ನಾನ ಬರದೀನಿ."

ಮೆಹನಾಜ್ ಎದ್ದು ಹೋಗಿ ಪಾರ್ವತಿಯ ಕಣ್ಣನ್ನು ಹತ್ತಿರದಿಂದ ನೋಡಿದಳು. "ಹಂಗಾದ್ರ ಒಳಕೋಣಿಗೆ ಹೋಗ್ತದ. ನೀವು ಹೇಳದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಅಕಿಗೆ ಗೊತ್ತದ," ಎಂದು ಶಿವಗಂಗಾ ಪಾರ್ವತಿಯ ಕಡೆ ಕೈ ಮಾಡಿದಳು. ಮೂರನೆಯದಕ್ಕೆ, 'ಚನ್ನವೀರರ ಮನೆಯದ್ದು' ಅನ್ನುವುದಕ್ಕೆ, ಗುರುತು ಹಾಕಿದಳು.

ಮೆಹನಾಜ್ ಕಾಗದ ಎಳೆದುಕೊಂಡು ಕೆಳಗಿನ ಖಾಲಿ ಜಾಗದಲ್ಲಿ ಬರೆದಳು: ಚಿತ್ರ, ಚನ್ನವೀರ. ಕಣ್ಣು ಮತ್ತು ಸಹಿ, ಮಗಳು ಶಿವಗಂಗಾ.

ಅಪ್ಪನ ಹೆಸರಿನ ಪಕ್ಕ ತನ್ನ ಹೆಸರನ್ನು ಶಿವಗಂಗಾ ಎರಡು ಸಲ ಓದಿದಳು. ಆಮೇಲೆ ಬಿಸಿಲು ಬಿದ್ದ ಖಾಲಿ ಚಾಪೆಯ ಕಡೆ ತಿರುಗಿ, ಮೆಲ್ಲಗೆ ಅಂದಳು:

"ನನ್ನ ಹೆಸರು ಬರಸೀನಿ, ಯಪ್ಪಾ."