ಹಲ್ಲಿ ನುಡಿಯದ ದೇವಸ್ಥಾನ

ಪ್ಲಸ್ ಟು, ಅಂದರೆ ಹನ್ನೆರಡನೇ ಕ್ಲಾಸು, ಶುರುವಾಗುವ ಮೊದಲು ವೆಳ್ಳಕೋಯಿಲ್ ಪಕ್ಕದ ಕುಲದೇವತೆಯ ಬಳಿ ಹೋಗಿ, ಅವಳ ಪಾದದಲ್ಲಿ ಪೆನ್ನಿಟ್ಟು ಪೂಜೆ ಮಾಡಿಸಿಕೊಂಡು ಬರುವುದು. ಗೋಕಿಲಾಳಿಗೆ ಮನೆಯಲ್ಲಿ ಹೇಳಿದ್ದು ಇಷ್ಟೇ. ಅದು ಅವಳ ಅಮ್ಮ ರುಕ್ಮಣಿಯ ತವರಿನ ದೇವತೆ. ಬರುವಾಗ ಕೊಯಮತ್ತೂರಿನ ಕೃಷಿ ಕಾಲೇಜಿನ ಗೇಟನ್ನಾದರೂ ತೋರಿಸುತ್ತೇನೆ ಎಂದು ಅಪ್ಪ ರಂಗಸಾಮಿ ಮಾತು ಕೊಟ್ಟಿದ್ದ. ಆ ಗೇಟಿನೊಳಗೆ ಓದುವುದು ಅವಳ ಪ್ಲಾನು. ತೊಂಡಾಮುತ್ತೂರಿನ ತಮ್ಮ ತೋಟದಲ್ಲಿ ಬಾಳೆಗೆ ಬರುವ ಒಂದೊಂದು ರೋಗದ ಹೆಸರೂ ಅವಳಿಗೆ ಬಾಯಿಪಾಠವಾಗಿತ್ತು. ಔಷಧಿ ಅಂಗಡಿಯವನು ಅಪ್ಪನಿಗೆ ತಪ್ಪು ಡಬ್ಬಿ ಕೊಟ್ಟು ಕಳಿಸಿದರೆ ಅದನ್ನು ವಾಪಸ್ಸು ಮಾಡಿಸಿಕೊಂಡು ಬರುವವಳು ಅವಳೇ.

ಅಮ್ಮನ ಅಣ್ಣ ಸರವಣಕುಮಾರ್ ತಿರುಪ್ಪೂರಿನಲ್ಲಿ ಬನಿಯನ್ ಕಂಪೆನಿ ಇಟ್ಟವನು. ಬಂಡಲು ಸಾಗಿಸುವ ವ್ಯಾನನ್ನೇ ಕಳಿಸಿದ್ದ. ಒಳಗೆಲ್ಲ ಹೊಸ ಬಟ್ಟೆಯ ಗಂಜಿ ವಾಸನೆ. ಸೂಲೂರು ದಾಟುವಾಗ ನೀರಿನ ಬಾಟಲಿಗಾಗಿ ಗೋಕಿಲಾ ಅಮ್ಮನ ಚೀಲಕ್ಕೆ ಕೈಹಾಕಿದಳು. ಕೈಗೆ ಸಿಕ್ಕಿದ್ದು ಮಡಿಕೆ ಬಿಚ್ಚದ ಪಟ್ಟುಸೀರೆ. ಅದರ ಕೆಳಗೆ ಅರಿಶಿನದ ಕೊಂಬು, ವೀಳ್ಯದೆಲೆ, ಜುಟ್ಟು ಬಿಟ್ಟ ತೆಂಗಿನಕಾಯಿ.

"ಇದು ಯಾರಿಗಮ್ಮ?"

ಏರ್‌ಫೋರ್ಸಿನ ವಿಮಾನವೊಂದು ತಲೆಯ ಮೇಲೆಯೇ ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ಅಮ್ಮ ಸೀರೆಯನ್ನು ಚೀಲದೊಳಗೆ ಸರಿಮಾಡಿ ಇಟ್ಟಳು.

"ನಿಂಗೇ ಸಾಮಿ."

"ಪೆನ್ನಿಗೆ ಪೂಜೆ ಮಾಡ್ಸಕ್ಕೆ ಪಟ್ಟುಸೀರೆ ಯಾಕೆ?"

"ಮಾವ ಅಲ್ಲಿಗೆ ಬತ್ತಾರೆ. ನಿಂಗೂ ಅವ್ರ ಮಗ ಅರವಿಂದಂಗೂ ದೇವಿ ವಾಕು ಕೇಳ್ಬುಡೋಣ ಅಂತಾರೆ. ಈಗ ವಾಕು ಮಾತ್ರ. ಕಾರ್ತಿಗೇಲಿ ನಿಂಗೆ ಹದಿನೆಂಟು ತುಂಬ್ತದಲ್ಲ, ತೈ ತಿಂಗ್ಳಲ್ಲಿ, ಪೊಂಗಲ್ ಹಬ್ಬ ಆದ್ಮೇಲೆ ಕಲ್ಯಾಣ ಇಟ್ಕೋಬಹುದು ಅಂತ."

"ತೈ ಕಳುದ್ರೆ ನಂಗೆ ಪರೀಕ್ಷೆ ಅಮ್ಮ!"

"ಪರೀಕ್ಷೆ ಪ್ರೈವೇಟಾಗಿ ಯಾವಾಗ್ಬೇಕಾದ್ರೂ ಬರೀಬಹುದಂತೆ."

ಈ ಮಾತು ಮಾವನದು. ಅಮ್ಮ ಅದನ್ನು ಹೊತ್ತು ತಂದು ಇಳಿಸಿದ್ದಳು ಅಷ್ಟೆ. ಹುಡುಗಿಗೆ ಹದಿನೆಂಟು ತುಂಬಲಿ ಎಂದು ಕಾನೂನು ಮಾಡಿದವರು ಏನು ಅಂದುಕೊಂಡಿದ್ದರೋ. ನಮ್ಮ ಮನೆಗಳಲ್ಲಿ ಅದನ್ನು ಓದಿಕೊಂಡದ್ದು ಬಸ್ಸಿನ ಟೈಮು ಓದಿಕೊಂಡ ಹಾಗೆ. ಮುಂಚೆ ಹೋಗಬಾರದು, ಬಂದ ಕೂಡಲೇ ಹತ್ತಿಬಿಡಬೇಕು.

ಗೋಕಿಲಾ ಅಪ್ಪನ ಕಡೆ ನೋಡಿದಳು. ಮುಂದಿನ ಸೀಟಿನಲ್ಲಿದ್ದ ರಂಗಸಾಮಿ ರಸ್ತೆಯ ಕಡೆ ನೋಡುತ್ತಲೇ ಹೇಳಿದ:

"ಇನ್ನೂ ಏನೂ ತೀರ್ಮಾನ ಆಗಿಲ್ಲ ಕಣ್ಣು. ಹಲ್ಲಿ ಹೇಳ್ಬೇಕಲ್ಲ."

ಹೌದು, ಹಲ್ಲಿ. ಆ ಕುಲದಲ್ಲಿ ಹೆಣ್ಣು ತರುವಾಗಲೂ ಕೊಡುವಾಗಲೂ ಕರ್ಪೂರ ಹಚ್ಚಿ, ಕೇಳಬೇಕಾದ್ದನ್ನು ಗಟ್ಟಿಯಾಗಿ ಕೇಳಿ, ಗರ್ಭಗುಡಿಯ ಮುಂದೆ ಉಸಿರು ಬಿಗಿಹಿಡಿದು ಕೂರುತ್ತಾರೆ. ದೇವತೆಯ ಬಲಗಡೆ ಹಲ್ಲಿ ಲೊಚಗುಟ್ಟಿದರೆ ಆಗಲಿ ಎಂದು. ಎಡಗಡೆಯಾದರೆ ಬೇಡ ಎಂದು. ಮಧ್ಯಾಹ್ನದ ಪೂಜೆಯ ಗಂಟೆ ಹೊಡೆಯುವವರೆಗೂ ನುಡಿಯದಿದ್ದರೆ ಆ ಮಾತನ್ನು ಒಂದು ವರ್ಷ ಯಾರೂ ಎತ್ತುವಂತಿಲ್ಲ. ಹಾಗೆ ಯಾವತ್ತೂ ಆಗಿದ್ದಿಲ್ಲ. ಹಳೇ ಹೆಂಚಿನ ಗುಡಿ, ತೊಲೆತೊಲೆಗೂ ಹಲ್ಲಿ. ಒಂದಲ್ಲ ಒಂದು ಕಡೆ ಒಂದಲ್ಲ ಒಂದು ನುಡಿಯುತ್ತಿತ್ತು.

ರುಕ್ಮಣಿಯ ಮದುವೆಗೆ ಕೇಳಿದಾಗಲೂ ಬಲಗಡೆ ನುಡಿದಿತ್ತು. ಆಗ ಅವಳು ಹತ್ತನೇ ಕ್ಲಾಸು. ಲೆಕ್ಕದಲ್ಲಿ ಇಡೀ ಸ್ಕೂಲಿಗೆ ಮೊದಲು.

ಪಲ್ಲಡಂ ಹೋಯಿತು, ಕಾಂಗೇಯಂ ಹೋಯಿತು. ಗೋಕಿಲಾ ಮತ್ತೆ ಒಂದು ಮಾತೂ ಆಡಲಿಲ್ಲ. ಅಮ್ಮ ಕೊಟ್ಟ ಮುರುಕು ಅವಳ ಅಂಗೈಯಲ್ಲೇ ಪುಡಿಯಾಯಿತು. ಬೇಲಿಗಳಾಚೆ ಬಿಸಿಲಲ್ಲಿ ತೆಂಗಿನ ಗರಿಗಳು ಅಲುಗದೆ ನಿಂತಿದ್ದವು. ಒಂದು ಹುಳ ತಿನ್ನುವ ಪ್ರಾಣಿಗೆ ತನ್ನ ಓದಿನ ಮೇಲೆ ಅಧಿಕಾರವಿದೆ, ತನಗಿಲ್ಲ ಎಂಬುದನ್ನು ಅವಳು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದಳು. ಯಾವ ಕಡೆಯಿಂದ ನೋಡಿದರೂ ಅದು ಹಾಗೇ ಇತ್ತು.

ದೇವಸ್ಥಾನ ಗುರುತು ಸಿಗಲಿಲ್ಲ. ಹೆಂಚು ಹೋಗಿ ಕಾಂಕ್ರೀಟು ಬಂದಿತ್ತು. ಗೋಡೆಗೆ ಎದೆಮಟ್ಟ ಬಿಳಿ ಟೈಲ್ಸು, ಮೇಲೆ ಅದೇ ಬಿಳಿಯ ಪೇಂಟು, ತಲೆಯ ಮೇಲೆ ಕಣ್ಣು ಕುಕ್ಕುವ ಉದ್ದುದ್ದ ಲೈಟು. ಬಾಗಿಲಲ್ಲೇ ಕಪ್ಪು ಕಲ್ಲಿನ ಮೇಲೆ ಚಿನ್ನದ ಬಣ್ಣದಲ್ಲಿ ಸರವಣಕುಮಾರನ ಹೆಸರು. ದೇವತೆಯ ಹೆಸರಿಗಿಂತ ದಪ್ಪಕ್ಷರ.

"ಬನ್ನಿ ಮಾಪಿಳ್ಳೆ, ಬನ್ನಿ! ಹೆಂಗದೆ ನೋಡಿ," ಎಂದು ಸರವಣಕುಮಾರ್ ತಂಗಿಯ ಗಂಡ ರಂಗಸಾಮಿಯ ಹೆಗಲ ಮೇಲೆ ಕೈಹಾಕಿದ. "ಮುಂಚೆ ಬಾವಲಿ ಗುಹೆ ತರ ಇತ್ತು. ಈಗ ನಮ್ಮ ಕಟಿಂಗ್ ಸೆಕ್ಷನ್ ಕೂಡ ಇಷ್ಟು ಕ್ಲೀನ್ ಇಲ್ಲ."

"ದೊಡ್ಡ ಕೆಲ್ಸ ಮಾಡ್ಸಿದ್ದೀರ ಭಾವ," ಎಂದ ರಂಗಸಾಮಿ.

ಅಜ್ಜಿ ಸುಬ್ಬಾತಾಳ್ ಕಂಬಕ್ಕೊರಗಿ ಕೂತಿದ್ದಳು. ಸರವಣಕುಮಾರ್, ರುಕ್ಮಣಿ ಇಬ್ಬರಿಗೂ ತಾಯಿ ಅವಳು. ಮೊಮ್ಮಗಳ ಮುಖ ಸವರಿ ನೆಟಿಗೆ ಮುರಿದಳು. "ಯಾಕೆ ಸಾಮಿ, ಮೊಗ ಬಾಡೋಗದೆ? ನಮ್ಮ ಮನೆಗೇ ಬರೋದಕ್ಕೆ ಅಳ್ತಾರಾ?" ಅವಳ ಪಕ್ಕದಲ್ಲಿ ಮಾವನ ಮಗ ಅರವಿಂದ್. ಅಪ್ಪನ ಕಂಪೆನಿಯಲ್ಲೇ ಕೆಲಸ ನೋಡಿಕೊಳ್ಳುವವನು. ಗೋಕಿಲಾಳನ್ನು ನೋಡಿ ನಗಲೋ ಬೇಡವೋ ತಿಳಿಯದೆ ಫೋನು ನೋಡತೊಡಗಿದ.

ಸೀರೆ ಉಡಿಸಿದರು. ಪೆನ್ನನ್ನು ಯಾರೂ ಕೇಳಲಿಲ್ಲ. ಅದು ಗೋಕಿಲಾಳ ಮುಷ್ಟಿಯಲ್ಲೇ ಇತ್ತು.

ಪೂಜಾರಿ ಶಣ್ಮುಗಂ ಕರ್ಪೂರ ಹಚ್ಚಿದ. ಅದೇ ಕುಲದ ಮುದುಕ. ಸರವಣಕುಮಾರ್ ಕೈಮುಗಿದು, "ತಾಯೇ, ನಮ್ಮ ರುಕ್ಮಣಿ ಮಗಳು ನಮ್ಮ ಮನೆ ಬೆಳಗಕ್ಕೆ ಬರ್ಬಹುದಾ? ನೀನೇ ಹೇಳು," ಎಂದು ಗಟ್ಟಿಯಾಗಿ ಕೇಳಿದ. ಎಲ್ಲರೂ ಕೂತರು. ಫ್ಯಾನು ನಿಲ್ಲಿಸಿದರು. ಅದರ ಸದ್ದಿನಲ್ಲಿ ದೇವತೆಯ ಮಾತು ತಪ್ಪಿಹೋಗಬಾರದಲ್ಲ.

ಕಾದರು.

ಮೇ ತಿಂಗಳ ಕಾಂಕ್ರೀಟು ಒಲೆಯ ಹಾಗೆ ಕಾಯಿತು. ಹೊಸ ಪೇಂಟಿನ ವಾಸನೆ ನೆತ್ತಿಗೇರಿತು. ಹೊರಗೆ ರಸ್ತೆಯಲ್ಲಿ ಒಂದು ಲಾರಿ ಹಾರ್ನು ಹೊಡೆಯಿತು. ಅಜ್ಜಿ ಕಣ್ಣುಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಗೋಕಿಲಾ ಬಲಗಡೆಯ ಗೋಡೆಯನ್ನು ನೋಡಿದಳು. ಬಿಳಿ. ಎಡಗಡೆಯದನ್ನು ನೋಡಿದಳು. ಅದೂ ಬಿಳಿ. ಆಸ್ಪತ್ರೆಯ ಗೋಡೆಗಳ ಹಾಗೆ ಒಂದು ಕಲೆಯಿಲ್ಲ, ಒಂದು ಬಾಲವಿಲ್ಲ.

ಬಿಸಿಲು ಹೊಸ್ತಿಲು ಬಿಟ್ಟು ಹಿಂದೆ ಸರಿಯಿತು. ಸರವಣಕುಮಾರ್ ಕರ್ಚೀಫಿನಿಂದ ಕತ್ತು ಒರೆಸಿಕೊಂಡು ಪಿಸುಗುಟ್ಟಿದ: "ಏನ್ರೀ ಶಣ್ಮುಗಣ್ಣ, ಸದ್ದೇ ಇಲ್ಲ?"

"ಬರ್ತದೆ, ಬರ್ತದೆ," ಎಂದ ಪೂಜಾರಿ. ಅವನ ದನಿಯಲ್ಲಿ ನಂಬಿಕೆ ಇರಲಿಲ್ಲ.

ಇನ್ನೊಂದಷ್ಟು ಹೊತ್ತಾಯಿತು. ಸರವಣಕುಮಾರ್ ಮಗನ ಕಡೆ ವಾಲಿದ. "ಅರವಿಂದೂ, ಫೋನಲ್ಲಿ ಹಲ್ಲಿ ಸದ್ದು ಸಿಕ್ತದಾ ನೋಡು. ಒಂದು ಸದ್ದು ಕೇಳಿದ್ರೆ ಒಳಗಿರೋವೂ ಕೂಗ್ತವೆ."

ಅಜ್ಜಿ ಕಣ್ಣು ತೆರೆದಳು. "ಏನ್‌ಡಾ ಅಂದೆ? ಸಾಮಿ ಮುಂದೆ ಫೋನು ಹಲ್ಲಿನಾ? ನಾಳೆ ನಾನು ಸತ್ರೆ ಫೋನಲ್ಲೇ ಅಳ್ತೀಯಾ?"

ರಂಗಸಾಮಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲ, ಅದುಮಿಟ್ಟ ನಗು ಎಂದು ಗೋಕಿಲಾಳಿಗೆ ಗೊತ್ತಾಯಿತು.

"ತಪ್ಪು ತಿಳ್ಕೋಬೇಡಿ," ಎಂದು ಶಣ್ಮುಗಂ ಕೊನೆಗೂ ಬಾಯಿಬಿಟ್ಟ. "ಬರ್ತದೆ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಪೇಂಟಾದ ಮೇಲೆ ಕಂಪೆನಿಯಿಂದ ಆಳು ಕಳ್ಸಿ ಮೂಲೆಮೂಲೆಗೂ ಹುಳ ಸಾಯೋ ಮರುಂದು ಹೊಡೆಸಿದ್ರಲ್ಲ ನೀವು. ಮಾರನೇ ದಿನ ಬಾಗಿಲು ತೆಗೆದ್ರೆ ಮೊರದ ತುಂಬ ಸತ್ತ ಹಲ್ಲಿ. ನಾನೇ ಗುಡ್ಸಿ ಹಿಂದ್ಗಡೆ ಹೂತಾಕ್ದೆ. ಆಮೇಲೆ ಒಂದೂ ಈ ಕಡೆ ತಲೆ ಹಾಕಿಲ್ಲ."

ಅಜ್ಜಿ ಮಗನ ಕಡೆ ತಿರುಗಿದಳು.

"ಜಿರಳೆಗೆ ಹೊಡೆಸಿದ್ದು ಅಮ್ಮಾ," ಎಂದ ಸರವಣಕುಮಾರ್. ಕಂಪೆನಿ ಇಡೀ ನಡುಗಿಸುವ ಗಂಡಸಿನ ದನಿ ಈಗ ಸ್ಕೂಲು ಹುಡುಗನದಾಗಿತ್ತು. "ದೊಡ್ಡೋರು ಬರ್ತಾರೆ, ಜಿರಳೆ ಓಡಾಡಿದ್ರೆ ಅಸಹ್ಯ ಅಂತ..."

"ಪಾಪಿ! ತಾಯಿ ಬಾಯಿಗೇ ಮರುಂದು ಹೊಡೆಸ್ಬುಟ್ಟು, ಈಗ ಮಾತಾಡು ಮಾತಾಡು ಅಂತ ಕೂತಿದ್ದೀಯಲ್ಲೋ!" ಎಂದು ಅಜ್ಜಿ ಶುರುಮಾಡಿದಳು.

ಬೈಗುಳವೆಲ್ಲ ಬಿದ್ದ ಮೇಲೆ ಸರವಣಕುಮಾರ್ ಎದ್ದು ಅಂಗಿ ಸರಿಮಾಡಿಕೊಂಡ. ದುಡ್ಡಿದ್ದವನು ಬಹಳ ಹೊತ್ತು ನಾಚಿಕೊಂಡಿರುವುದನ್ನು ಯಾರೂ ಕಂಡಿಲ್ಲ.

"ಸರಿ. ಆದದ್ದಾಯ್ತು. ಬಲಗಡೆ ನುಡಿಲಿಲ್ಲ, ಒಪ್ತೀನಿ. ಎಡಗಡೆನೂ ನುಡಿಲಿಲ್ಲ ತಾನೇ? ತಾಯಿ ಬೇಡ ಅನ್ಲಿಲ್ಲ. ಬೇಡ ಅನ್ಲಿಲ್ಲ ಅಂದ್ರೆ ಸಮ್ಮತ ಅಂತ ಅರ್ಥ. ಮಾಪಿಳ್ಳೆ, ಎಲೆ ಅಡಿಕೆ ಬದಲಾಯ್ಸಿ. ಗಂಟೆ ಹೊಡ್ಯಕ್ಕೆ ಇನ್ನೂ ಹೊತ್ತದೆ."

ರುಕ್ಮಣಿಯ ಮಡಿಲಲ್ಲಿದ್ದ ತಟ್ಟೆಯನ್ನು ಅವನೇ ಎತ್ತಿ ರಂಗಸಾಮಿಯ ಮುಂದೆ ಹಿಡಿದ. ರಂಗಸಾಮಿ ತಟ್ಟೆ ನೋಡಿದ, ಭಾವನ ಮುಖ ನೋಡಿದ. ಕೈ ಮೇಲೆತ್ತಲೂ ಇಲ್ಲ, ಹಿಂದಕ್ಕೆಳೆದುಕೊಳ್ಳಲೂ ಇಲ್ಲ.

"ಮಾವ," ಎಂದಳು ಗೋಕಿಲಾ.

ಸೀರೆಯ ಅಂಚು ಸೊಂಟ ಕೊರೆಯುತ್ತಿತ್ತು. ಆದರೂ ಎದ್ದು ನಿಂತಳು.

"ಸೂಲೂರಲ್ಲಿ ಅಮ್ಮ ವಿಷಯ ಹೇಳುದ್ರು. ಆಗಿಂದ ನಾನೂ ಒಂದು ಮಾತು ಆಡಿಲ್ಲ. ಅದನ್ನೂ ಸಮ್ಮತ ಅಂತ ಬರ್ಕೊಂಡಿದ್ದೀರಾ?"

"ದೊಡ್ಡೋರು ಮಾತಾಡುವಾಗ..."

"ದೊಡ್ಡೋರು ಎಲ್ಲಿ ಮಾತಾಡಿದ್ರಿ ಮಾವ? ಹಲ್ಲಿನ ಕೇಳುದ್ರಿ. ಹಲ್ಲಿ ಸತ್ತೋಗದೆ. ನಾನಿನ್ನೂ ಬದ್ಕಿದ್ದೀನಿ. ನನ್ನ ಕೇಳಿ. ಬೇಡ ಅಂತೀನಿ. ಎಡಗಡೆ ನಿಂತು ಹೇಳ್ಬೇಕಾ? ಇಗೋ." ಅವಳು ನಾಲ್ಕು ಹೆಜ್ಜೆ ನಡೆದು ದೇವತೆಯ ಎಡಕ್ಕೆ, ಆ ಬಿಳಿ ಗೋಡೆಗೆ ಬೆನ್ನುಕೊಟ್ಟು ನಿಂತಳು. "ಬೇಡ. ನಾನು ಪ್ಲಸ್ ಟು ಬರೀಬೇಕು. ಆಮೇಲೆ ಕಾಲೇಜಿಗೆ ಹೋಗ್ಬೇಕು."

ಸರವಣಕುಮಾರ್ ತಂಗಿಯ ಕಡೆ ತಿರುಗಿದ. "ನೋಡು ರುಕ್ಮಣಿ, ಹೆಂಗೆ ಬೆಳ್ಸಿದ್ದೀಯ. ನೀನು ಆವತ್ತು ಇಲ್ಲೇ ಕೂತು ಹಿಂಗೆ ಮಾತಾಡಿದ್ಯಾ?"

ರುಕ್ಮಣಿ ತಲೆ ಎತ್ತಿದಳು.

"ಇಲ್ಲಣ್ಣ. ಮಾತಾಡ್ಲಿಲ್ಲ." ಅವಳು ಗಂಡನ ಕಡೆ ಒಮ್ಮೆ ನೋಡಿದಳು. ಬೈಯುವ ನೋಟವಲ್ಲ ಅದು. "ಇವ್ರು ಒಳ್ಳೇವ್ರು. ಅದು ಬೇರೆ ಮಾತು. ಆವತ್ತು ನಂಗೆ ಸ್ಕೂಲಿಗೆ ಹೋಗ್ಬೇಕು ಅಂತ ಇತ್ತು. ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ. ಕೇಳ್ತಾರೆ ಕೇಳ್ತಾರೆ ಅಂತ ಕೂತಿದ್ದೆ. ಹಲ್ಲಿನ ಕೇಳುದ್ರಿ, ಎದ್ದೋದ್ರಿ."

ಅಜ್ಜಿ ಸುಬ್ಬಾತಾಳ್ ಮಗಳನ್ನೇ ನೋಡುತ್ತ ಕೂತಳು. ಹೊಸದಾಗಿ ಪರಿಚಯವಾದವರನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಮೇಲೆದ್ದು, ಮಗನ ಕೈಯಿಂದ ತಟ್ಟೆ ಕಿತ್ತುಕೊಂಡು ಕೆಳಗಿಟ್ಟಳು.

"ಶಣ್ಮುಗಂ, ಗಂಟೆ ಹೊಡಿ."

"ಇನ್ನೂ ಹೊತ್ತದೆ ಅವ್ವಾ..."

"ಹೊಡಿ ಅಂದೆ. ಯಾವ ಹಲ್ಲಿ ಬರ್ಬೇಕು ಅಂತ ಕಾಯ್ತೀಯ?"

ಶಣ್ಮುಗಂ ಹೊಡೆದ. ಹಳೇ ಗುಡಿಯಿಂದ ಉಳಿದದ್ದು ಆ ಗಂಟೆಯೊಂದೇ. ಕಾಂಕ್ರೀಟಿನೊಳಗೆ ಅದರ ಸದ್ದು ಕಿವಿ ತುಂಬಿತು. ಒಂದು ವರ್ಷ ಯಾರೂ ಮಾತೆತ್ತುವಂತಿಲ್ಲ. ಗೋಕಿಲಾ ಗೋಡೆ ಬಿಟ್ಟು ಅಮ್ಮನ ಪಕ್ಕಕ್ಕೆ ಬಂದು ಕೂತಳು.

"ಒಂದು ವರ್ಷ ಕಳೀಲಿ, ಆಮೇಲೆ ನೋಡ್ಕೊಳ್ಳೋಣ," ಎಂದು ಸರವಣಕುಮಾರ್ ಗೊಣಗಿದ.

ರಂಗಸಾಮಿ ಎದ್ದ.

"ವರ್ಷ ಕಳೆದ ಮೇಲೂ ಹಲ್ಲಿ ಬೇಡ ಭಾವ. ಅವಳು ಹೇಳ್ಬುಟ್ಟಳಲ್ಲ. ನಾನು ವ್ಯಾನಲ್ಲೇ ಹೇಳ್ಬೇಕಾಗಿತ್ತು." ಮಗಳ ಕಡೆ ಕೈಚಾಚಿದ. "ಆ ಪೆನ್ನು ಕೊಡು ಕಣ್ಣು, ಪೂಜೆ ಆಗ್ಲಿ. ಅದಕ್ಕೇ ತಾನೇ ಬಂದಿದ್ದು?"

ಪೆನ್ನು ಬೆವರಲ್ಲಿ ನೆಂದಿತ್ತು. ಶಣ್ಮುಗಂ ಅದಕ್ಕೆ ಕುಂಕುಮವಿಟ್ಟ.

ಆಮೇಲೆ ಎಲ್ಲರಿಗೂ ಒಟ್ಟಿಗೇ ಹಸಿವಾಯಿತು. ಬೇವಿನ ಮರದಡಿ ಎಲೆ ಹಾಕಿ ಸಕ್ಕರೆ ಪೊಂಗಲ್ ಬಡಿಸಿದರು. ಸರವಣಕುಮಾರ್ ಮುಖ ಊದಿಸಿಕೊಂಡೇ ಮೂರು ಸಲ ಹಾಕಿಸಿಕೊಂಡ. ಅಜ್ಜಿ ಅವನ ಎಲೆಗೆ ತುಪ್ಪ ಸುರಿಯುತ್ತ, "ಆ ಬಾಗ್ಲು ಮುಂದೆ ನಿನ್ನ ಹೆಸರು ಹಾಕಿದ್ದೀಯಲ್ಲ, ಅದರ ಕೆಳಗೆ ಹಲ್ಲಿಗಳ ಹೆಸರೂ ಹಾಕ್ಸು," ಎಂದಳು. ಅವನೂ ನಕ್ಕುಬಿಟ್ಟ.

ಕೈತೊಳೆಯುವ ನಲ್ಲಿಯ ಬಳಿ ಅರವಿಂದ್ ಸಿಕ್ಕಿದ.

"ತ್ಯಾಂಕ್ಸ್," ಎಂದ.

"ಯಾಕೆ?"

"ನಂಗೂ ಇಷ್ಟ ಇರ್ಲಿಲ್ಲ. ಅಪ್ಪನ ಮುಂದೆ ಬಾಯಿ ಬರಲ್ಲ."

"ಗಂಡಸಲ್ವಾ ನೀನು? ನಿನ್ನ ಕೇಳಿರ್ಬೇಕಲ್ಲ?"

"ಎಲ್ಲಿ ಕೇಳುದ್ರು? ಶರ್ಟ್ ಸೈಜ್ ಕೇಳುದ್ರು."

ವ್ಯಾನು ಹಿಂದಿರುಗುವಾಗ ಗೋಕಿಲಾ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಬಾಯಿ ತೆರೆದು ನಿದ್ದೆಹೋದಳು. ಕೊಯಮತ್ತೂರು ಬಂದಾಗ ಅಪ್ಪನೇ ಎಬ್ಬಿಸಿದ. ಸಂಜೆಯ ಬೆಳಕಿನಲ್ಲಿ ಕೃಷಿ ಕಾಲೇಜಿನ ಗೇಟು. ರಜೆ, ಒಳಗೆ ಬಿಡಲಿಲ್ಲ. ಮೂವರೂ ಕಂಬಿ ಹಿಡಿದು ನಿಂತರು. ಮರಗಳ ನಡುವೆ ಉದ್ದಕ್ಕೂ ಒಂದು ರಸ್ತೆ ಹೋಗಿತ್ತು.

"ಇಲ್ಲಿ ಲೆಕ್ಕ ಹೇಳಿಕೊಡ್ತಾರಾ?" ಎಂದಳು ರುಕ್ಮಣಿ.

"ಹೇಳಿಕೊಡ್ತಾರೆ ಅಮ್ಮ."

"ಹಂಗಾದ್ರೆ ಸರಿ." ಅವಳು ಕಂಬಿ ಬಿಡಲು ಸ್ವಲ್ಪ ತಡಮಾಡಿದಳು.

ಮನೆ ಸೇರಿ, ಸೀರೆ ಬಿಚ್ಚೆಸೆದು, ಹಳೇ ಚೂಡಿದಾರ ಹಾಕಿಕೊಂಡು ಗೋಕಿಲಾ ಅಡುಗೆಮನೆಯ ನೆಲದಲ್ಲಿ ಜೀವಶಾಸ್ತ್ರದ ಪುಸ್ತಕ ತೆರೆದಳು. ಅಮ್ಮ ದೋಸೆ ಹುಯ್ಯುತ್ತಿದ್ದಳು. ಹೊಗೆ ಹಿಡಿದ ಗೋಡೆಯ ಮೇಲೆ, ಟ್ಯೂಬ್‌ಲೈಟಿನ ಬಲಕ್ಕೆ, ದಪ್ಪಗೆ ಕೂತಿದ್ದ ಮನೆ ಹಲ್ಲಿ ಲೊಚ ಲೊಚ ಎಂದಿತು.

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರು.

ರುಕ್ಮಣಿ ದೋಸೆ ಮಗುಚುವ ಕೈಯನ್ನು ಅದರ ಕಡೆ ಎತ್ತಿದಳು. "ಏಯ್. ನಿನ್ನ ಯಾರೂ ಕೇಳ್ಲಿಲ್ಲ. ಸುಮ್ನೆ ಹುಳ ತಿನ್ನು. ಮಗ್ಳು ಓದ್ತಾ ಅವಳೆ."