ಬಿಟ್ಟುಕೊಟ್ಟ ಹಾಡು

ಡಿಸೆಂಬರಿನ ಆ ಪ್ರಾತಃಕಾಲದ ಸೊಬಗನ್ನು ಏನೆಂದು ಬಣ್ಣಿಸಲಿ, ಸಹೃದಯರೇ! ರಾತ್ರಿಯಿಡೀ ಊರನ್ನು ಅಪ್ಪಿ ಮಲಗಿದ್ದ ಮಂಜು ಏಳಲೋ ಬೇಡವೋ ಎಂದು ಸೋಮಾರಿಯಂತೆ ಹೊರಳುತ್ತಿತ್ತು. ಮನೆಮನೆಯ ಬಾಗಿಲಲ್ಲಿ ತೂಗುತ್ತಿದ್ದ ಕಾಗದದ ನಕ್ಷತ್ರಗಳೊಳಗಿನ ದೀಪಗಳು ಅರುಣಕಾಂತಿಯ ಎದುರು ಮೆಲ್ಲಮೆಲ್ಲನೆ ಮಂಕಾಗುತ್ತಿದ್ದವು. ಬೀದಿಯ ಕೊನೆಯ ಚರ್ಚಿನ ಘಂಟಾನಾದವು ಅಲೆಯಲೆಯಾಗಿ ಇಳಿದುಬಂದು, ಹೊಸ ಬಟ್ಟೆಗಳ ಸರಭರದಲ್ಲಿ, ಮಕ್ಕಳ ಕಲರವದಲ್ಲಿ, ಕೇಕಿನ ಪರಿಮಳದಲ್ಲಿ ಬೆರೆತುಹೋಗುತ್ತಿತ್ತು... ಇಡೀ ಜಗತ್ತಿಗೇ ಕ್ಷಮೆ ದೊರೆತಂತಿದ್ದ ಮುಂಜಾವು! ಆದರೆ ಆ ಬೀದಿಯ ದರ್ಜಿ ಹೆಂಗಸಿಗೆ ಮಾತ್ರ ಕನ್ನಡಿಯಲ್ಲಿ ತನ್ನ ಮುಖವನ್ನೇ ನೆಟ್ಟಗೆ ನೋಡಿಕೊಳ್ಳಲು ಆಗುತ್ತಿರಲಿಲ್ಲ.

ಅವಳ ಗಂಡ ಮನೆಗಳಿಗೆ ಬಣ್ಣ ಬಳಿಯುವವನು; ಊರಿಗೆಲ್ಲ ಬಣ್ಣದಣ್ಣ. ವರ್ಷವಿಡೀ ಏಣಿಯ ಮೇಲೆಯೇ ಅವನ ವಾಸ. ಆದರೆ ಕ್ರಿಸ್ಮಸ್ ದಿನ ಆರಾಧನೆಯ ಅಂತ್ಯದಲ್ಲಿ, ವಾದ್ಯಗಳೆಲ್ಲ ಮೌನವಾದ ಮೇಲೆ, ಗೋದಲಿಯ ಹುಲ್ಲಿನಲ್ಲಿ ಮಲಗಿಸಿದ ದೇವಶಿಶುವಿಗೆ ಒಬ್ಬನೇ ನಿಂತು ಹಾಡುವ ಜೋಗುಳವೊಂದಿತ್ತಲ್ಲ, ಅದು ಅವನದು. ಯೌವನದಿಂದಲೂ ಅವನದೇ.

ಅವಳ ಪ್ರೇಮದ ಚರಿತ್ರೆಯೆಲ್ಲ ಆ ಜೋಗುಳದಲ್ಲೇ ಅಡಗಿತ್ತೆಂದರೆ ಉತ್ಪ್ರೇಕ್ಷೆಯಲ್ಲ. ಹದಿಹರೆಯದ ಒಂದು ಕ್ರಿಸ್ಮಸ್ಸಿನಲ್ಲಿ, ತಾನು ಕಸೂತಿ ಹಾಕಿದ ಚರ್ಚಿನ ಪೀಠವಸ್ತ್ರವನ್ನು ಯಾರಾದರೂ ಹೊಗಳಿಯಾರೇ ಎಂದು ಕಾದು ಕುಳಿತಿದ್ದವಳು, ಉಗುರಂಚಿನಲ್ಲಿ ನೀಲಿ ಬಣ್ಣ ಉಳಿದಿದ್ದ ಆ ಸಣಕಲು ಯುವಕ ಬಾಯಿ ತೆರೆದದ್ದೇ ತಡ, ಕಸೂತಿಯನ್ನೂ ಮರೆತಳು, ತನ್ನನ್ನೂ ಮರೆತಳು! ಮದುವೆಯಾದ ವರ್ಷ ಅವನು ಹಾಡುತ್ತ ಹಾಡುತ್ತ ಅವಳತ್ತ ನೋಡಿ ಒಂದು ಸಾಲನ್ನೇ ನುಂಗಿಹಾಕಿದ್ದ. ಮನೆಗೆ ಬಂದ ಅತ್ತೆ, "ದೇವರ ಮಗುವಿಗೆ ಹಾಡೋ ಅಂದ್ರೆ ಹೆಂಡತಿಗೆ ಹಾಡ್ತಾನೆ ನೋಡು" ಎಂದು ವಾರಗಟ್ಟಲೆ ಕಾಲೆಳೆದಿದ್ದರು. ಮಗಳು ಹುಟ್ಟಿದ ಕ್ರಿಸ್ಮಸ್ಸಿನಲ್ಲಿ ಚರ್ಚಿನಿಂದ ನೇರ ಆಸ್ಪತ್ರೆಗೆ ಓಡಿಬಂದು, ದಾದಿಯ ಗದರಿಕೆಗೂ ಜಗ್ಗದೆ, ತೊಟ್ಟಿಲ ಪಕ್ಕದಲ್ಲಿ ಪಿಸುದನಿಯಲ್ಲಿ ಹಾಡಿದ್ದ. ಅತ್ತೆ ತೀರಿಹೋದ ವರ್ಷ ಮನೆಯಲ್ಲಿ ನಕ್ಷತ್ರ ತೂಗಲಿಲ್ಲ, ಒಲೆ ಹೊತ್ತಿದ್ದೂ ನಾಮಕಾವಸ್ತೆಗೆ... ಆದರೂ ಅವನು ಹೋಗಿ ನಿಂತು ಹಾಡಿದ್ದ. ಚರ್ಚಿಗೆ ಚರ್ಚೇ ಕಣ್ಣೊರೆಸಿಕೊಂಡಿತ್ತು.

ಆದರೆ ಗೋಡೆ ಉಜ್ಜಿದ ಧೂಳು, ಬಣ್ಣದ ಘಾಟು, ಒಂದು ಗಂಟಲನ್ನು ಎಷ್ಟು ಕಾಲ ತಾನೇ ಸುಮ್ಮನೆ ಬಿಟ್ಟಾವು? ಕಳೆದ ವರ್ಷ, ಜೋಗುಳದ ಮೇಲಿನ ಸ್ವರಕ್ಕೆ ಏರಹೋದ ಅವನ ಕಂಠ ನಡುದಾರಿಯಲ್ಲಿ ಕರಕರ ಎಂದು ಒಡೆದುಹೋಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಗ ಅವಳೇನು ಮಾಡಿದಳು ಗೊತ್ತೇ? ಹಿಂತಿರುಗಿ ಗದರಲಿಲ್ಲ, ಬಿದ್ದ ಕರವಸ್ತ್ರವನ್ನು ಹುಡುಕುವವಳಂತೆ ಬಗ್ಗಿ ಮುಖ ಮರೆಸಿಕೊಂಡಳು. ಅಯ್ಯೋ, ಯಾವ ಕಂಠಕ್ಕೆ ಮನಸೋತಿದ್ದಳೋ ಅದೇ ಕಂಠಕ್ಕೆ ನಾಚಿ!

ಈ ವರ್ಷವಂತೂ ಮಗಳಿಗೆ ಮದುವೆ ಗೊತ್ತಾಗಿತ್ತು. ಭಾವಿ ಬೀಗರು ಮೊದಲ ಬಾರಿಗೆ ಇಲ್ಲಿಯ ಆರಾಧನೆಗೇ ಬರುವವರಿದ್ದರು. ಸಂಗೀತದಲ್ಲಿ ಪಳಗಿದ ಮನೆತನ. ಅವರ ಮುಂದೆ ಮತ್ತೆ ಆ ಕರಕರ, ಆ ನಗು... ಗಾಯನವೃಂದಕ್ಕೆಂದು ಹೊಲಿದ ನಿಲುವಂಗಿಗಳನ್ನು ಕೊಡಲು ಹೋದವಳು ಮೇಳದ ಮಾಸ್ತರರ ಬಳಿ ಮೆಲ್ಲಗೆ ಹೇಳಿಬಿಟ್ಟಳು: "ಈ ಸಲ ಹಾಡು ಬೇರೆ ಯಾರಿಗಾದ್ರೂ ಕೊಡಬೇಕಂತೆ. ಅವರೇ ಹೇಳಿದ್ರು. ನಿಮಗೆ ನೇರವಾಗಿ ಹೇಳೋಕೆ ಸಂಕೋಚ ಅವರಿಗೆ." ಮಾಸ್ತರರಿಗೆ ತಲೆಯ ಮೇಲಿನ ಹೊರೆ ಇಳಿದಂತಾಯಿತು. ಮನೆಗೆ ಬಂದು ಗಂಡನಿಗೆ ಹೇಳಿದ್ದೇ ಬೇರೆ: "ಈ ಸಲ ಹೊಸಬರ ಕೈಲಿ ಹಾಡಿಸ್ತಾರಂತೆ ರೀ. ಮಾಸ್ತರರದೇ ತೀರ್ಮಾನ." ಅವನು ಕೈಯಲ್ಲಿದ್ದ ಕುಂಚವನ್ನು ಬಹಳ ಹೊತ್ತು ತೊಳೆದ. "ಹಾಗಂತಾರಾ?" ಎಂದ. ಅಂದಿನಿಂದ ಮನೆಯಲ್ಲಿ ಗುನುಗು ನಿಂತುಹೋಯಿತು. ಕನ್ನಡಿ ಅವಳನ್ನು ಕಾಡುತ್ತಿದ್ದುದು ಇದಕ್ಕೇ.

ಆರಾಧನೆ ಸಾಂಗವಾಗಿ ನಡೆಯಿತು. ಹೊಸ ಗಾಯಕಿಯೊಬ್ಬಳು ಜೋಗುಳವನ್ನು ಜೇನು ಸುರಿದಂತೆ ಹಾಡಿದಳು; ಬೀಗಿತ್ತಿ ಮೆಚ್ಚಿ ತಲೆದೂಗಿದರು. ಸದ್ಯ, ಮಾನ ಉಳಿಯಿತು ಎಂದು ಅವಳು ನಿಟ್ಟುಸಿರು ಬಿಡುವಷ್ಟರಲ್ಲಿ ಮಾಸ್ತರರು ಮುಂದೆ ಬಂದು ನಿಂತರು.

"ಇಷ್ಟು ವರ್ಷ ಈ ಹಾಡು ಹಾಡಿದವರು ಈ ಸಲ ತಾವಾಗೇ ಹೊಸಬರಿಗೆ ಬಿಟ್ಟುಕೊಟ್ಟಿದ್ದಾರೆ. ಮನೆಯವರ ಕೈಲಿ ಹೇಳಿ ಕಳಿಸಿದ್ರು. ಇಂಥ ಮನಸ್ಸು ಎಷ್ಟು ಜನಕ್ಕಿದೆ? ಬಣ್ಣದಣ್ಣಾ, ಒಂದ್ಸಲ ಎದ್ದು ನಿಲ್ಲಿ!"

ಪಕ್ಕದಲ್ಲಿದ್ದ ಗಂಡ ನಿಧಾನವಾಗಿ ಅವಳ ಕಡೆ ತಿರುಗಿದ. ಒಂದೇ ಒಂದು ಕ್ಷಣ... ಆ ದೃಷ್ಟಿಯಲ್ಲಿ ಕೋಪವಿದ್ದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು! ಅಲ್ಲಿದ್ದದ್ದು ಅರ್ಥವಾದವನ ಶಾಂತಿ. ಅವನು ಎದ್ದುನಿಂತು ಎಲ್ಲರಿಗೂ ಕೈಮುಗಿದ.

"ಹೌದು," ಎಂದ, "ನಾನೇ ಹೇಳಿ ಕಳಿಸಿದ್ದು."

ಚಪ್ಪಾಳೆಯ ಮಳೆ ಸುರಿಯಿತು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವಳಿಗೆ. ಎಂದೂ ಸುಳ್ಳಾಡದವನು ದೇವರ ಮನೆಯಲ್ಲಿ, ಅದೂ ಕ್ರಿಸ್ಮಸ್ಸಿನ ದಿನ, ಅವಳಿಗಾಗಿ ಸುಳ್ಳಾಡಿದ್ದ.

ಮಧ್ಯಾಹ್ನದ ಊಟದ ಮೇಜಿನಲ್ಲಿ ಬೀಗಿತ್ತಿಗೆ ಅದೇ ಮಾತು: "ಎಂಥ ದೊಡ್ಡ ಮನಸ್ಸು ನಿಮ್ಮದು! ಹಾಡೋರಿಗೆ ಜಾಗ ಬಿಟ್ಟುಕೊಡೋದು ಎಷ್ಟು ಕಷ್ಟ ಅಂತ ನಮಗೆ ಗೊತ್ತು." ಅವನು ನಗುನಗುತ್ತ ಬಡಿಸುತ್ತಿದ್ದ. ಒಂದೊಂದು ಹೊಗಳಿಕೆಯೂ ಅವಳಿಗೆ ಹೊಲಿಯುವಾಗ ಬೆರಳಿಗೆ ಇಳಿದ ಸೂಜಿಯಂತೆ ನಾಟುತ್ತಿತ್ತು. ತಡೆಯಲಾರದೆ ಅಡುಗೆಮನೆಗೆ ಎದ್ದುಹೋದಳು. ನೀರಿನ ಹೂಜಿ ತುಂಬಿಕೊಳ್ಳಲು ಅವನೂ ಬಂದ.

"ಬೈದುಬಿಡಿ ರೀ," ಎಂದಳು. "ಯಾಕೆ ನನ್ನ ಮಾನ ಉಳಿಸಿದ್ರಿ?"

"ಮತ್ತೇನು, ಅಷ್ಟು ಜನರ ಮುಂದೆ ನಿನ್ನನ್ನ ನಿಲ್ಲಿಸಿ ಕೇಳಬೇಕಿತ್ತಾ?" ಹೂಜಿ ತುಂಬಿ ಹರಿಯುತ್ತಿತ್ತು, ಅವನು ನಲ್ಲಿ ನಿಲ್ಲಿಸಿದ. "ಧ್ವನಿ ಹೋಗಿದೆ ಅಂತ ನನಗೂ ಗೊತ್ತು ಕಣೇ. ಊರಿಗೆ ಕೇಳಿಸಿದ ಹಾಗೇ ನಿನಗೂ ಕೇಳಿಸ್ತಿದೆ ಅಂತ ಮಾತ್ರ ಗೊತ್ತಿರಲಿಲ್ಲ."

ಇಷ್ಟೇ ಹೇಳಿ ಹೂಜಿ ಎತ್ತಿಕೊಂಡು ಹೋದ.

ಅವಳು ಗೋಡೆಗೆ ಒರಗಿ ನಿಂತಳು. ಅಳು ಬರಲಿಲ್ಲ, ಅಳುವುದಕ್ಕೂ ಒಂದು ಹಕ್ಕು ಬೇಕಲ್ಲ! ಅಷ್ಟೆಲ್ಲ ಕ್ರಿಸ್ಮಸ್ಸುಗಳಲ್ಲಿ ತುಂಬಿದ ಚರ್ಚಿಗೆ ಹಾಡುತ್ತಿದ್ದನೆಂದು ತಾನು ತಿಳಿದಿದ್ದವನು, ನಿಜಕ್ಕೂ ಅವಳ ಎರಡು ಕಿವಿಗಳನ್ನು ನಂಬಿಕೊಂಡು ಹಾಡುತ್ತಿದ್ದ. ಅವನಿಂದ ತಾನು ಕಸಿದದ್ದು ಆ ನಂಬಿಕೆಯನ್ನು. ಇನ್ನು ತಾನು ಎಷ್ಟು ಹೊಗಳಿದರೂ ಅವನ ಕಿವಿಗೆ ಅದು ಬರೀ ಸಮಾಧಾನದ ಮಾತು.

ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದಳು. ನೇರ ಬೀಗಿತ್ತಿಯ ಎದುರು ಹೋಗಿ ನಿಂತಳು.

"ಅವರು ಬಿಟ್ಟುಕೊಟ್ಟಿದ್ದಲ್ಲ ಅಮ್ಮಾ," ಎಂದಳು. "ನಾನೇ ಕಿತ್ತುಕೊಂಡಿದ್ದು. ನೀವು ಬರ್ತೀರಿ, ಇವರ ಧ್ವನಿ ಕೇಳಿ ನಗ್ತೀರಿ ಅಂತ, ಮಾಸ್ತರ ಹತ್ರ ಸುಳ್ಳು ಹೇಳಿದೆ. ಇವರಿಗೂ ಸುಳ್ಳು ಹೇಳಿದೆ. ಆ ಚಪ್ಪಾಳೆ ಹೊತ್ತಲ್ಲೇ ಇವರಿಗೆ ಗೊತ್ತಾಗಿದ್ದು."

"ಅಮ್ಮಾ..." ಎಂದ ಮಗಳು ತಟ್ಟೆಯತ್ತ ತಲೆ ತಗ್ಗಿಸಿದಳು. ಬೀಗಿತ್ತಿಯ ಮುಖದಲ್ಲಿ ಮೊದಲು ವಿಸ್ಮಯ, ಆಮೇಲೆ ಹೆಸರಿಡಲಾಗದ ಒಂದು ಮಾರ್ದವ ಸುಳಿಯಿತು. ಅವರು ಬಣ್ಣದಣ್ಣನತ್ತ ತಿರುಗಿದರು. "ನಮಗೋಸ್ಕರ ಒಂದ್ಸಲ ಹಾಡ್ತೀರಾ?"

ಸಹೃದಯರೇ, ಅವನು ಹಾಡಿದ, ಮನೆಯೆಲ್ಲ ಆನಂದಬಾಷ್ಪದಲ್ಲಿ ತೋಯಿತು ಎಂದು ಬರೆಯಲು ನನಗೂ ಆಸೆಯೇ! ಆದರೆ ಅವನು ತಲೆಯಾಡಿಸಿದ. "ಇವತ್ತು ಆಗಲ್ಲಮ್ಮ, ತಪ್ಪು ತಿಳೀಬೇಡಿ," ಎಂದ. ನೋವು ಅಷ್ಟು ಬೇಗ ಅಳಿಸುವಂಥದಲ್ಲ. ಅವಳು ನಿಂತೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ, ಅವಳ ಮುಖ ನೋಡದೆಯೇ, ಅವನು ತನ್ನ ಪಕ್ಕದ ಕುರ್ಚಿಯನ್ನು ಈಚೆ ಎಳೆದ. "ಕೂತ್ಕೋ, ಊಟ ಆರಿಹೋಗ್ತಿದೆ," ಎಂದ.

ಪ್ರೀತಿಸಿದವರಿಗಾಗಿ ನಾಚುವುದು ಬಲು ಸುಲಭ. ಎದುರಿಗೆ ನಾಲ್ಕು ಜನರಿದ್ದರೆ ಸಾಕು. ಪ್ರೀತಿಸಿದವರ ಎದುರು ನಾಚಿ ನಿಲ್ಲುವುದಿದೆಯಲ್ಲ, ಅದು ಹೃದಯದ ಅಂತರಾಳವನ್ನೇ ಸುಡುವ ಅಗ್ನಿ... ಆದರೆ ಹಾಗೆ ಸುಡಿಸಿಕೊಳ್ಳಬಲ್ಲ ಹೃದಯದಲ್ಲಿ ಅನುರಾಗವಿನ್ನೂ ಜೀವಂತವಾಗಿದೆ. ಕ್ಷಮೆ ಯಾವಾಗ ಬರುತ್ತದೋ, ಬರುತ್ತದೋ ಇಲ್ಲವೋ, ಬಲ್ಲವರಾರು! ಅದು ಬರುವವರೆಗೂ ಪಕ್ಕದಲ್ಲಿ ಕೂರಲು ಒಂದಿಷ್ಟು ಜಾಗ ಸಿಕ್ಕರೆ, ಮನುಷ್ಯ ತನ್ನ ನಾಚಿಕೆಯನ್ನು ಹೊತ್ತೂ ಬದುಕಬಲ್ಲ.