ಏಳನೇ ಪ್ರೋಗ್ರಾಂ

ಸ್ವಪ್ನಳ ಲ್ಯಾಬ್ ರೆಕಾರ್ಡಿನಲ್ಲಿ ಹನ್ನೆರಡು ಪ್ರೋಗ್ರಾಂಗಳಿದ್ದವು. ಹನ್ನೆರಡನ್ನೂ ಅವಳು ದುಂಡಗೆ ಬರೆದಿದ್ದಳು. ಒಂದನ್ನೂ ಕಂಪ್ಯೂಟರ್ ಮುಂದೆ ತಾನೇ ಕೂತು ಓಡಿಸಿರಲಿಲ್ಲ. ದುರ್ಗದ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ನಾಲ್ಕು ಜನ. ಕೀಬೋರ್ಡ್ ಮುಂದಿನ ಕುರ್ಚಿ ಯಾವತ್ತೂ ದಾವಣಗೆರೆ ಕಡೆಯ ಹುಡುಗನೊಬ್ಬನದು, ಇವಳದು ಹಿಂದೆ ನಿಂತು ಉತ್ತರ ಬರೆದುಕೊಳ್ಳುವ ಕೆಲಸ. ಈಗ ಮ್ಯಾಟ್‌ಲ್ಯಾಬ್ ಎಂಬ ಲೆಕ್ಕದ ಸಾಫ್ಟ್‌ವೇರಿನ ಪ್ರಾಕ್ಟಿಕಲ್ ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಅಲ್ಲಿ ಒಬ್ಬರಿಗೆ ಒಂದು ಕಂಪ್ಯೂಟರು. ಅದು 2006ರ ಬೇಸಿಗೆ.

ರಜೆಗೆ ನನ್ನಿವಾಳಕ್ಕೆ ಬಂದವಳು ಚಳ್ಳಕೆರೆಯ ಕಂಪ್ಯೂಟರ್ ಸೆಂಟರುಗಳನ್ನೆಲ್ಲ ಸುತ್ತಿದಳು. ಎಲ್ಲಿ ಕೇಳಿದರೂ ಟ್ಯಾಲಿ, ಇಲ್ಲವೇ ಲಗ್ನಪತ್ರಿಕೆಯ ಡಿಟಿಪಿ. ಕೊನೆಗೆ ಒಂದು ಸೆಂಟರಿನ ಮಾರುತೇಶ್ ತಲೆ ಕೆರೆದುಕೊಂಡು ಹೇಳಿದ: "ಮೊಳಕಾಲ್ಮೂರಲ್ಲಿ ಶಶಿರೇಖಾ ಅಂತ ಒಬ್ರು ಅವ್ರೆ. ನೇಕಾರರ ಬೀದಿ. ಅವರತ್ರ ಐತೆ ಅದು. ಹೇಳಿಕೊಡ್ತಾರೆ, ಏನೂ ತಗಳಲ್ಲ. ರೆಕಾರ್ಡು ಮಾತ್ರ ತಗಂಡು ಬಾ ಅಂತಾರೆ."

"ರೆಕಾರ್ಡು ಯಾಕೆ?"

"ನಂಗೇನು ಗೊತ್ತಮ್ಮ."

ಸಂಜೆ ಕುರಿ ರೊಪ್ಪಕ್ಕೆ ಮುಳ್ಳು ಹಚ್ಚುತ್ತಿದ್ದ ಅಪ್ಪ ಓಬಳಪ್ಪ ಇದನ್ನು ಕೇಳಿ ಕೈ ನಿಲ್ಲಿಸಿದ. "ಪುಕ್ಕಟೆ ಕುರಿ ಮೇಯಿಸ್ತೀನಿ ಅಂದೋನು ಉಣ್ಣೆ ಕತ್ತರಿಸ್ಕಂಡು ಹೋಗ್ತಾನೆ. ಹೋಗು, ಬ್ಯಾಡ ಅನ್ನಲ್ಲ. ಕಣ್ಣು ಬಿಟ್ಕಂಡು ಹೋಗು."

ಆ ಮಾತು ಸ್ವಪ್ನಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಹಿಂದಿನ ವರ್ಷ ಹಾಸ್ಟೆಲಿನಲ್ಲೇ ಒಬ್ಬಳ ರೆಕಾರ್ಡು ಹೇಗೋ ಕೈ ಜಾರಿ, ನಕಲು ಹತ್ತಾರು ಜನಕ್ಕೆ ಹಂಚಿಹೋಗಿತ್ತು. ಕೊನೆಗೆ ಬರೆದವಳೇ ಕಳ್ಳಿಯ ಹಾಗೆ ಪ್ರಿನ್ಸಿಪಾಲರ ಮುಂದೆ ನಿಂತಿದ್ದಳು.

ನೇಕಾರರ ಬೀದಿಯ ಆ ಮನೆಯ ಪಡಸಾಲೆಯಲ್ಲಿ ರಾಟೆಗೆ ರೇಷ್ಮೆ ಸುತ್ತುತ್ತಿದ್ದ ಮುದುಕಿ ಅನ್ನಪೂರ್ಣಮ್ಮ ತಲೆ ಎತ್ತಿದಳು. "ಎವರಮ್ಮಾ ನುವ್ವು?" ಎಂದು ತೆಲುಗಿನಲ್ಲಿ ಯಾರೆಂದು ಕೇಳಿದವಳು, ಸ್ವಪ್ನ ಕಣ್ಣು ಪಿಳುಕಿಸಿದ್ದು ನೋಡಿ ಕನ್ನಡಕ್ಕೆ ಹೊರಳಿದಳು. "ಯಾವೂರು? ನನ್ನ ಸೊಸೆ ಹತ್ರ ನಿಂಗೇನು ಕೆಲಸ?"

"ಕಂಪ್ಯೂಟರ್ ಕಲಿಯಾಕೆ ಬಂದೀನಿ ಅಜ್ಜಿ."

"ಎಲ್ಲಾರೂ ಹಂಗೇ ಅಂತಾರೆ," ಎಂದು ಅನ್ನಪೂರ್ಣಮ್ಮ ಮತ್ತೆ ರಾಟೆ ತಿರುಗಿಸಿದಳು.

ಶಶಿರೇಖಾಗೆ ಇಪ್ಪತ್ತಾರು, ಇಪ್ಪತ್ತೇಳು ಇರಬಹುದು. ಸ್ಕೂಲಿಗೆ ಹೋಗುವ ಮಗಳಿದ್ದಳು. ಗಂಡ ಸೀರೆಯ ಅಂಚಿನ ಡಿಸೈನ್ ಬಿಡಿಸಲು ತಂದ ಕಂಪ್ಯೂಟರು ಒಳಕೋಣೆಯಲ್ಲಿತ್ತು. ಸ್ವಪ್ನಳನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ನಿಂತಳು. "ನೀನೇ ಟೈಪ್ ಹೊಡಿ. ನಾನು ಮುಟ್ಟಲ್ಲ."

ಸ್ವಪ್ನ ಹೊಡೆದಳು. ಕೆಂಪು ಅಕ್ಷರದಲ್ಲಿ ತಪ್ಪು ಬಂತು. ಮತ್ತೆ ಹೊಡೆದಳು, ಮತ್ತೆ ಕೆಂಪು.

"ಗುಣಾಕಾರದ ಗುರುತಿಗೆ ಮೊದಲು ಒಂದು ಚುಕ್ಕಿ ಇಡು. ಚುಕ್ಕಿ ಇಲ್ದಿದ್ರೆ ಅದು ಎರಡೂ ಅಂಕಿಪಟ್ಟೀನ ಇಡಿಯಾಗಿ ಗುಣಿಸಾಕೆ ಹೋಗ್ತದೆ. ಚುಕ್ಕಿ ಇಟ್ರೆ ಒಂದರ ಎದುರು ಒಂದು."

ಚುಕ್ಕಿ ಇಟ್ಟಳು. ಪರದೆಯ ಮೇಲೆ ಅಲೆ ಎದ್ದಿತು. ಮೂರು ವರ್ಷದಲ್ಲಿ ತಾನೇ ಎಬ್ಬಿಸಿದ ಮೊದಲ ಅಲೆ. ಕನ್ವಲ್ಯೂಷನ್ ಎಂಬ, ಅವಳು ಬರೀ ಬಾಯಿಪಾಠ ಮಾಡಿದ್ದ ಲೆಕ್ಕಕ್ಕೆ ಶಶಿರೇಖಾ ಎರಡು ಕಾಗದದ ಪಟ್ಟಿ ಕತ್ತರಿಸಿದಳು. ಒಂದನ್ನು ಹಿಂದುಮುಂದಾಗಿ ತಿರುಗಿಸಿ ಇನ್ನೊಂದರ ಕೆಳಗೆ ಒಂದೊಂದೇ ಮನೆ ಜಾರಿಸುತ್ತ, ಎದುರುಬದುರಾದ ಅಂಕಿಗಳನ್ನು ಗುಣಿಸಿ ಕೂಡಿಸಿ ತೋರಿಸಿದಳು. ಕಾಲೇಜಿನಲ್ಲಿ ಯಾರೂ ಹೀಗೆ ಹೇಳಿರಲಿಲ್ಲ.

ಆದರೂ ಸ್ವಪ್ನಳ ಒಳಗಿನ ಮುಳ್ಳು ಅಲ್ಲಾಡುತ್ತಲೇ ಇತ್ತು. ಶಶಿರೇಖಾ ಹೇಳಿಕೊಡುವುದಕ್ಕಿಂತ ಹೆಚ್ಚು ಕೇಳುತ್ತಿದ್ದಳು. ಹೊರಗಿನ ಪರೀಕ್ಷಕರು ಯಾವ ಊರಿಂದ ಬರುತ್ತಾರೆ? ಚೀಟಿ ಎತ್ತಿಸುತ್ತಾರಾ, ಅವರೇ ಪ್ರೋಗ್ರಾಂ ಕೊಡುತ್ತಾರಾ? ಮೌಖಿಕದಲ್ಲಿ ಹೋದಸಲ ಏನೇನು ಕೇಳಿದರು? ಉತ್ತರಗಳನ್ನು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಅತ್ತೆಯ ಹೆಜ್ಜೆ ಸದ್ದು ಕೇಳಿದರೆ ಅದು ದಿಂಬಿನಡಿ ಸೇರುತ್ತಿತ್ತು. ಮೊದಲ ಆರು ಪ್ರೋಗ್ರಾಂಗಳ ಹಾಳೆಗಳನ್ನು ಇಸಿದುಕೊಂಡು, ಜೆರಾಕ್ಸ್ ಮಾಡಿಸಿ ಹಿಂತಿರುಗಿಸಿದಳು. ಹೊರಡುವಾಗೆಲ್ಲ ಒಂದೇ ಮಾತು: "ಕಾಲೇಜಲ್ಲಿ ನನ್ನ ಹೆಸರು ಎತ್ತಬ್ಯಾಡ."

ನಾಲ್ಕನೇ ದಿನ ಶಶಿರೇಖಾ ಮಗಳನ್ನು ಕರೆತರಲು ಸ್ಕೂಲಿಗೆ ಹೋದಳು. ಬರೆಯಲು ಖಾಲಿ ಹಾಳೆ ಬೇಕಾಗಿ ಸ್ವಪ್ನ ಮೇಜಿನ ಕೆಳಗಿನ ಕಟ್ಟು ಎಳೆದಳು. ಮೂರು ಜನರ ರೆಕಾರ್ಡಿನ ಜೆರಾಕ್ಸ್, ಅದರ ಮೇಲೆ ತನ್ನದು. ಪ್ರತಿ ಹಾಳೆಯಲ್ಲೂ ಹೆಸರು, ರಿಜಿಸ್ಟರ್ ನಂಬರು ಇರಬೇಕಾದ ಜಾಗಕ್ಕೆ ಬಿಳಿ ಕಾಗದದ ಚೂರು ಅಂಟಿಸಿತ್ತು. ಹೆಸರು ಮುಚ್ಚಿದ ಹಾಳೆ ಇನ್ನೊಬ್ಬರಿಗೆ ಕೊಡಲಿಕ್ಕಲ್ಲದೆ ಮತ್ತೇನಕ್ಕೆ?

ಜಗಳ ಆಡುವ ಧೈರ್ಯ ಬರಲಿಲ್ಲ, ಪಾಠ ಬಿಡುವ ಮನಸ್ಸೂ ಬರಲಿಲ್ಲ. ಬಸ್ಸಿನಲ್ಲಿ ಒಂದು ಉಪಾಯ ಹೊಳೆಯಿತು. ಮನೆಗೆ ಹೋದವಳೇ ಏಳನೇ ಪ್ರೋಗ್ರಾಂ ಅನ್ನು ಹೊಸ ಹಾಳೆಯಲ್ಲಿ ಬರೆದಳು, ಸೂತ್ರದಲ್ಲಿ ಕಳೆಯುವ ಗುರುತಿದ್ದ ಕಡೆ ಕೂಡುವ ಗುರುತು ಹಾಕಿ. ಪ್ರೋಗ್ರಾಂ ಓಡುತ್ತದೆ, ಕೆಂಪು ಅಕ್ಷರ ಬರುವುದಿಲ್ಲ. ನಡುವೆ ಗುಡ್ಡದ ಹಾಗೆ ಏಳಬೇಕಾದ ಗೆರೆ ಗುಂಡಿ ಬೀಳುತ್ತದೆ. ಈ ತಪ್ಪು ಯಾರ ರೆಕಾರ್ಡಿನಲ್ಲಿ ಕಂಡರೂ ಕಳ್ಳತನ ಸಿಕ್ಕಿಬಿದ್ದ ಹಾಗೆ. ಮರುದಿನ ಆ ಹಾಳೆ ಕೊಟ್ಟು ಬಂದಳು.

ಎರಡು ದಿನ ಬಿಟ್ಟು ಹೋದಾಗ ಶಶಿರೇಖಾ ಬಾಗಿಲಲ್ಲೇ ಕಾಯುತ್ತಿದ್ದಳು. ಮುಖ ಬಾಡಿತ್ತು.

"ಏಳನೇದು ಎಲ್ಲಿಂದ ಬರ್ಕಂಡೆ? ಎರಡು ದಿನ ಅದರ ಮುಂದೇ ಕೂತಿದ್ದೆ. ನಂಗೇ ಏನೋ ತಿಳೀಲಿಲ್ಲ ಅನ್ಕಂಡೆ. ನಿನ್ನೆ ಸಂಜೆ ಗೊತ್ತಾತು, ಗುರುತು ತಪ್ಪೈತೆ."

"ನಾನೇ ಹಾಕಿದ್ದು," ಎಂದಳು ಸ್ವಪ್ನ. "ಬೇಕಂತಲೇ. ಹೆಸರು ಮುಚ್ಚಿದ ಹಾಳೆಗಳ್ನ ನೋಡಿದೆ ಅಕ್ಕ. ಯಾರಿಗೆ ಕೊಡ್ತೀರಿ ಅವನ್ನ?"

ಶಶಿರೇಖಾ ಬಾಗಿಲು ಮುಂದೆ ಮಾಡಿ ಮಂಚದ ಮೇಲೆ ಕೂತಳು.

"ಯಾರಿಗೂ ಕೊಡಲ್ಲ. ನಾನೇ ಓದ್ತೀನಿ. ತೊಂಬತ್ತೆಂಟರಲ್ಲಿ ನಾನೂ ನಿಮ್ಮ ಕಾಲೇಜಲ್ಲೇ ಇಂಜಿನಿಯರಿಂಗ್ ಸೇರಿದೋಳೇ. ಮೂರನೇ ವರ್ಷ ಮದುವೆ ಆತು. ಬಾಣಂತಿ ಆಗಿ ಪರೀಕ್ಷೆ ತಪ್ತು. ಒಂದೊಂದೇ ಕಟ್ಟಿ ಮುಗಿಸ್ತಾ ಬಂದೆ. ಈಗ ಉಳಿದಿರೋದು ಒಂದು ಪೇಪರು, ಜೊತೆಗೆ ಈ ಲ್ಯಾಬು. ನಮ್ಮ ಕಾಲಕ್ಕೆ ಲ್ಯಾಬಲ್ಲಿ ಈ ಸಾಫ್ಟ್‌ವೇರೇ ಇರಲಿಲ್ಲ. ಸೇರಿದ ಎಂಟು ವರ್ಷದೊಳಗೆ ಪಾಸಾಗ್ಬೇಕು ಅನ್ನೋ ಗಡುವು ಈ ಸಲ ಮುಗೀತದೆ. ಯಾರತ್ರ ಕೇಳಲಿ? ಕಲಿಸ್ತೀನಿ ಅಂದ್ರೆ ಹುಡುಗ್ರು ರೆಕಾರ್ಡು ತಗಂಡು ಬರ್ತಾರೆ. ಅವರಿಗೆ ಹೇಳೋದಕ್ಕೆ ಮುಂಚೆ ನಾನು ಕಲೀತೀನಿ."

"ಹೆಸರು ಯಾಕೆ ಮುಚ್ಚಿದ್ದು?"

"ಬೇರೆಯವರ ಹೆಸರು ಕಣ್ಣಿಗೆ ಬಿದ್ರೆ, ಇದು ನಂದಲ್ಲ ಅನ್ಸುತ್ತೆ. ಓದಾಕೆ ಆಗಲ್ಲ." ದನಿ ತಗ್ಗಿಸಿ ಸೇರಿಸಿದಳು, "ನಮ್ಮ ಯಜಮಾನ್ರಿಗೆ ಗೊತ್ತು. ಅತ್ತೆಗೆ ಗೊತ್ತಿಲ್ಲ. ಫೇಲಾದ್ರೆ ಬೀದಿಗೆಲ್ಲ ಗೊತ್ತಾಗ್ತದೆ. ನನ್ನ ಎರಡು ದಿನ ತಿಂದೆಯಲ್ಲ ನೀನು! ಬಾಯಿ ಬಿಟ್ಟು ಕೇಳಬೋದಿತ್ತು."

"ಕೇಳಿದ್ರೆ ಹೇಳ್ತಿದ್ರಾ?"

ಶಶಿರೇಖಾ ಯೋಚಿಸಿದಳು. "ಇಲ್ಲ."

ಆಮೇಲೆ ಉಳಿದ ದಿನಗಳಲ್ಲಿ ಇಬ್ಬರೂ ಸರದಿಯ ಮೇಲೆ ಕುರ್ಚಿಯಲ್ಲಿ ಕೂತರು. ಸ್ವಪ್ನಳ ಅನುಮಾನ ಒಂದೇ ಏಟಿಗೆ ಹೋಯಿತು ಅನ್ನುವಂತಿಲ್ಲ. ರಿಜಿಸ್ಟರ್ ನಂಬರು ತೋರಿಸಿ ಎಂದು ಕೇಳಿ, ಹಳೆಯ ಹಾಲ್ ಟಿಕೆಟ್ಟನ್ನು ಕಣ್ಣಾರೆ ನೋಡಿದ ಮೇಲಷ್ಟೇ ಎಂಟನೆಯದರಿಂದ ಮುಂದಿನ ಹಾಳೆಗಳನ್ನು ಕೊಟ್ಟಳು.

ಕೊನೆಯ ದಿನ ಅನ್ನಪೂರ್ಣಮ್ಮ ಸ್ವಪ್ನಳ ಮುಂಗೈ ಹಿಡಿದು ನಿಲ್ಲಿಸಿದಳು. "ಸೋಮವಾರ ದುರ್ಗಕ್ಕೆ ಹೋಗ್ಬೇಕು ಅಂತಾಳೆ ನನ್ನ ಸೊಸೆ. ಯಾಕೆ? ನಿಜ ಹೇಳು."

"ನಂಗೆ ಪರೀಕ್ಷೆ ಐತೆ ಅಜ್ಜಿ. ಜೊತೆಗೆ ಬರ್ತಾರೆ."

ಮುದುಕಿ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಮೋಸ ಹುಡುಕುವ ಕಣ್ಣು ಎದುರಿಗಿದ್ದರೆ ಹೇಗಿರುತ್ತದೆ ಎಂಬುದು ಸ್ವಪ್ನಳಿಗೆ ಆಗ ತಿಳಿಯಿತು.

ಪರೀಕ್ಷೆಯ ದಿನ ಇಬ್ಬರೂ ಮಾತಾಡಿಕೊಂಡು ಬಂದದ್ದನ್ನು ಕಂಡ ಮೇಲ್ವಿಚಾರಕರು ಒಬ್ಬಳನ್ನು ಈ ಮೂಲೆಗೆ, ಇನ್ನೊಬ್ಬಳನ್ನು ಆ ಮೂಲೆಗೆ ಕೂರಿಸಿ, ಎರಡೂ ಕಡೆಗೆ ಕತ್ತು ತಿರುಗಿಸುತ್ತ ನಿಂತರು. ಸ್ವಪ್ನಳಿಗೆ ಕೆಂಪು ಅಕ್ಷರ ಎರಡು ಸಲ ಬಂತು. ಸಾಲುಸಾಲಾಗಿ ಓದಿದಳು: ಮೇಲೆ ಸಣ್ಣಕ್ಷರದಲ್ಲಿ ಕೊಟ್ಟ ಹೆಸರನ್ನು ಕೆಳಗೆ ದೊಡ್ಡಕ್ಷರದಲ್ಲಿ ಹೊಡೆದಿದ್ದಳು. ತಿದ್ದಿದಳು. ಗೆರೆ ಮೂಡಿತು.

ಶಶಿರೇಖಾ ಹೊರಬಂದಾಗ ಸೆರಗೆಲ್ಲ ಬೆವರಾಗಿತ್ತು. "ಗ್ರಾಫು ಬಂತು. ಮೌಖಿಕದಲ್ಲಿ ಎರಡು ಬಿಟ್ಟೆ. 'ಏನಮ್ಮ, ನೀವು ನಿಜವಾಗ್ಲೂ ಸ್ಟೂಡೆಂಟಾ?' ಅಂದ್ರು. ಹೌದು ಅಂದೆ."

ಉಳಿದಿದ್ದ ಆ ಒಂದು ಪೇಪರನ್ನೂ ಅವಳು ಆ ತಿಂಗಳಲ್ಲೇ ಬರೆದಳು. ಅದಕ್ಕೆ ಯಾರ ನೆಪ ಹೇಳಿ ಹೋದಳೋ ಸ್ವಪ್ನ ಕೇಳಲಿಲ್ಲ.

ಎರಡು ತಿಂಗಳ ಮೇಲೆ, ಭಾನುವಾರ ಬೆಳಿಗ್ಗೆ, ನನ್ನಿವಾಳದ ಅಂಗಡಿಯ ಫೋನಿಗೆ ಸ್ವಪ್ನಳಿಗೆಂದು ಕರೆ ಬಂತು. ಆ ಕಡೆ ಅನ್ನಪೂರ್ಣಮ್ಮ.

"ಇವಳು ಒಂದು ಕಾಗದ ತಂದು ಕೈಗಿಟ್ಟವಳೆ. ಎಲ್ಲಾ ಪಾಸಂತೆ, ಇಂಜಿನಿಯರಂತೆ. ನಂಗೆ ಓದಾಕೆ ಬರಲ್ಲ. ನೀನು ಅವತ್ತು ನನ್ನ ಮುಂದೆ ಸುಳ್ಳು ಹೇಳಿದೋಳು. ಈಗಾದ್ರೂ ನಿಜ ಹೇಳು. ಇದು ಖರೇ ಕಾಗದನಾ?"

"ಖರೇನೇ ಅಜ್ಜಿ. ನಾನೂ ಪಟ್ಟಿಲಿ ನಂಬರು ನೋಡೀನಿ."

"ಇದರಿಂದ ಮುಂದೇನು?"

"ಅದನ್ನ ಅಕ್ಕನ್ನೇ ಕೇಳ್ರಿ."

ಮುದುಕಿ ಫೋನು ಇಡುವುದನ್ನು ಮರೆತಳು. ದೂರದಲ್ಲಿ ಅವಳ ದನಿ ಸ್ವಪ್ನಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು: "ಶಶೀ, ಆ ಕೆಲಸ ಬಿಟ್ಟು ಇಲ್ಲಿ ಬಾ. ಕೂತ್ಕ. ಮೊದಲಿಂದ ಹೇಳು."